ಕೊನೆಯ ಗೂಟದ ಬಿಲ್ಲು

ಟ್ಯಾಪಿಯೋಲಾ, ಮಿಷಿಗನ್
ಭಾನುವಾರ, 8 ಸೆಪ್ಟೆಂಬರ್ 1996

ಪ್ರೀತಿಯ ತೌನೋ ಅಣ್ಣ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹಡಗಿನ ಅಡುಗೆಯವನು ಈಗಲೂ ಗಂಜಿಗೂ ಮೆಣಸಿನ ಪುಡಿ ಉದುರಿಸುತ್ತಾನೆಯೇ? ಭುಜದ ಬಗ್ಗೆ ಕೇಳುವುದಿಲ್ಲ. ಕೇಳಿದರೆ ‘ಯಾವ ಭುಜ?’ ಅನ್ನುತ್ತೀಯ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ನಿಮ್ಮ ಹಡಗು ಡೆಟ್ರಾಯಿಟ್ ನದಿಯಲ್ಲಿರಬೇಕು. ಟಪಾಲಿನ ಸಣ್ಣ ದೋಣಿ ಪಕ್ಕಕ್ಕೆ ಬಂದು, ನೀವು ಹಗ್ಗ ಕಟ್ಟಿ ಇಳಿಬಿಟ್ಟ ಬಕೆಟ್ಟಿನಲ್ಲಿ ಇದು ಮೇಲೇರುತ್ತದೆ. ಆ ಹಗ್ಗ ಎಳೆಯುವವನು ನಾನೇ ಎಂದು ಹಿಂದೊಮ್ಮೆ ನೀನು ಬರೆದಿದ್ದೆ. ಈಗಲೂ ನೀನೇ ಎಳೆಯುತ್ತೀಯೋ, ಬೇರೆ ಯಾರಿಗಾದರೂ ಬಿಟ್ಟುಕೊಟ್ಟಿದ್ದೀಯೋ ಎಂಬ ಯೋಚನೆ ಬಂತು. ಉತ್ತರ ಬರೆಯಬೇಕಾಗಿಲ್ಲ.

ನಾನು ಚೆನ್ನಾಗಿದ್ದೇನೆ. ಆಲೂಗಡ್ಡೆ ಅರ್ಧ ಅಗೆದಾಯಿತು. ಹಿತ್ತಿಲ ಸೇಬಿನ ಮರಕ್ಕೆ ಕರಡಿ ಹತ್ತಿ ಬಡಗಣ ಕೊಂಬೆಯನ್ನು ಮುರಿದುಹಾಕಿದೆ. ಹಣ್ಣು ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಶಾಲೆ ಶುರುವಾಗಿದೆ. ಗ್ರಂಥಾಲಯದಲ್ಲಿ ಈ ವರ್ಷವೂ ಮಕ್ಕಳು ಮೊದಲು ಕೇಳಿದ್ದು ಹಡಗು ಮುಳುಗಿದ ಕಥೆಗಳನ್ನೇ. ನಾನು ಅವನ್ನು ಮೇಲಿನ ಅಟ್ಟಕ್ಕೆ ಏರಿಸಿದ್ದೇನೆ, ಅವರು ಏಣಿ ತಂದು ಇಳಿಸಿಕೊಳ್ಳುತ್ತಾರೆ.

ಇನ್ನು ನೀನು ಹೇಳಿದ ಕೆಲಸ. ಜುಲೈಯಲ್ಲಿ ನಿನ್ನ ಬಿಲ್ಲಿನ ಹಿಡಿಯ ಮೇಲೆ ಬಾಗುವ ತೋಳು ಪದರ ಬಿಟ್ಟು ಬಾಯಿ ತೆರೆದಿದೆ ಎಂದು ನಾನು ಬರೆದೆ. ನೀನು ಡುಲೂತ್‌ನಿಂದ ನಾಲ್ಕು ಸಾಲು ಉತ್ತರ ಹಾಕಿದೆ. ಮಾರ್ಚಿನಲ್ಲಿ ಹಡಗಿಗೆ ಹೊರಡುವ ಗಡಿಬಿಡಿಯಲ್ಲಿ ನಾನೇ ಅದನ್ನು ಸೌನಾ ಹಬೆಮನೆಯ ಪಕ್ಕದ ಬಟ್ಟೆ ಕಳಚುವ ಕೋಣೆಯಲ್ಲಿ ಮರೆತಿರಬೇಕು, ತಪ್ಪು ನನ್ನದೇ, ಎಂದು ನೀನು ಬರೆದಿದ್ದೆ. ಆಮೇಲೆ: ‘ಓನ್ನಿ ಮಾಮನ ಹತ್ರ ಹೋಗಿ ಹೊಸ ಜೊತೆ ತೋಳು ತಗೊಂಡು ಬಾ. ಎಳೆಯೋಕೆ ಐವತ್ತೈದು ಪೌಂಡಿನದು, ಮೊದಲಿನ ಹಾಗೇ. ಐವತ್ತೈದು ಸಿಗಲಿಲ್ಲ ಅಂದ್ರೆ ಬೇಡವೇ ಬೇಡ. ಅಕ್ಟೋಬರಿನ ರಜೆ ಬೇರೆಯವನಿಗೆ ಬಿಟ್ಟುಕೊಟ್ಟು ಹಡಗಿನಲ್ಲೇ ಇದ್ದುಬಿಡ್ತೀನಿ.’ ಈ ಕೊನೆಯ ಸಾಲನ್ನು ನಾನು ಅಗತ್ಯಕ್ಕಿಂತ ಹೆಚ್ಚು ಸಲ ಓದಿದೆ. ಮೂವತ್ತೈದು ವರ್ಷದಿಂದ ಅಕ್ಟೋಬರ್ ಒಂದನೇ ತಾರೀಕು ನೀನು ಆ ಸೀಡರ್ ಜವುಗಿನ ಜಿಂಕೆ ಬೇಟೆಯ ಅಟ್ಟಣೆ ಬಿಟ್ಟು ಬೇರೆಲ್ಲೂ ಇದ್ದವನಲ್ಲ. ಆ ಹತ್ತು ದಿನ ಬಿಟ್ಟರೆ ಹಡಗು ನಿನ್ನನ್ನು ಮನೆಗೆ ಕಳಿಸುವುದು ಇನ್ನು ಜನವರಿಯಲ್ಲಿ.

ನಿನ್ನೆ ಶನಿವಾರ ಓನ್ನಿ ಮಾಮನನ್ನು ನೋಡಲು ನಿಸುಲಾಕ್ಕೆ ಹೋದೆ. ಬಿಲ್ಲಿನ ನಡುವಿನ ಹಿಡಿ, ಅದರಿಂದ ಬಿಚ್ಚಿದ ಎರಡು ತೋಳು, ಎರಡು ಬೋಲ್ಟು, ಎಲ್ಲವನ್ನೂ ಹಳೆಯ ದಿಂಬಿನ ಚೀಲದಲ್ಲಿ ಹಾಕಿಕೊಂಡೆ. ಇನ್ನೇನು ಬೇಕಾಗುತ್ತದೋ ಎಂದು ಬಾಗಿಲ ಹಿಂದಿದ್ದ ರಟ್ಟಿನ ಕೊಳವೆಯನ್ನೂ, ಅದರಲ್ಲಿದ್ದ ಆರು ಬಾಣಗಳ ಸಮೇತ, ಕಾರಿಗೆ ಹಾಕಿದೆ. ಅದನ್ನು ಒಯ್ಯದೆ ಇದ್ದಿದ್ದರೆ ಈ ಕಾಗದ ಅರ್ಧ ಪುಟಕ್ಕೆ ಮುಗಿಯುತ್ತಿತ್ತು.

ಓನ್ನಿ ಮಾಮ ಈಗಲೂ ಆ ಹಳೆಯ ಹಸುವಿನ ಕೊಟ್ಟಿಗೆಯಲ್ಲೇ ಕೆಲಸ ಮಾಡುತ್ತಾರೆ. ಎಪ್ಪತ್ತನಾಲ್ಕು ವರ್ಷ, ಒಂದು ಕಿವಿ ಕೇಳುವುದಿಲ್ಲ, ಯಾವುದೆಂದು ಅವರು ಯಾರಿಗೂ ಹೇಳುವುದಿಲ್ಲ. ಕ್ಲ್ಯಾಂಪು ಬಿಗಿದ ಒಂದು ತೋಳು ಒಣಗುತ್ತಿತ್ತು, ಇನ್ನೊಂದನ್ನು ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದರು. ನಾನು ನಿನ್ನ ಒಡೆದ ತೋಳನ್ನು ಕೈಗಿಟ್ಟೆ. ಅವರು ನೋಡಲಿಲ್ಲ, ಮೂಗಿಗೆ ಹಿಡಿದು ಮೂಸಿದರು. ‘ಬರ್ಚ್ ಸೌದೆ ಹೊಗೆ’ ಅಂದವರೇ ಮನೆಯ ಕಡೆ ತಿರುಗಿ ಕೂಗಿದರು, ‘ಲೆಂಪೀ! ಬಾ ಇಲ್ಲಿ! ಇನ್ನೊಬ್ಬ ಬೇಯಿಸಿಕೊಂಡು ಕಳಿಸಿದಾನೆ!’ ಲೆಂಪಿ ಅತ್ತೆ ಕಾಫಿ ಪಾತ್ರೆ ಹಿಡಿದುಕೊಂಡೇ ಬಂದರು. ವರ್ಷಕ್ಕೆ ಮೂರೋ ನಾಲ್ಕೋ ಹೀಗೆ ಬರುತ್ತವಂತೆ, ಎಲ್ಲವೂ ನಮ್ಮವರದೇ. ‘ಕಾರ್ನಿಶ್ ಜನ ಬಿಲ್ಲನ್ನ ಟ್ರಕ್ಕಲ್ಲಿ ಮರೀತಾರೆ, ಸ್ವೀಡನ್ನಿನವರು ಭಾವಮೈದುನನಿಗೆ ಕೊಟ್ಟು ಕಳ್ಕೋತಾರೆ. ಸೌನಾಕ್ಕೆ ಕರ್ಕೊಂಡು ಹೋಗೋರು ನಮ್ಮ ಫಿನ್‌ಲ್ಯಾಂಡಿನವರು ಮಾತ್ರ!’ ಎಂದರು ಮಾಮ. ‘ಪಾಪ, ಅದಕ್ಕೂ ವಾರಕ್ಕೊಂದು ಸ್ನಾನ ಬೇಡ್ವೇ?’ ಎಂದರು ಅತ್ತೆ. ‘ಸಿಲ್ವಿ, ನಿಮ್ಮಣ್ಣನಿಗೆ ಬರಿ, ಮುಂದಿನ ಸಲ ಸೌನಾದಲ್ಲಿ ತನಗೆ ಬಾರಿಸ್ಕೊಳ್ಳೋ ಹಾಗೆ ಅದರ ಬೆನ್ನಿಗೂ ಸೊಪ್ಪಿನ ಕಟ್ಟಲ್ಲಿ ನಾಲ್ಕು ಬಾರಿಸು ಅಂತ.’ ನಾನು ಏಲಕ್ಕಿ ಹಾಕಿದ ನಿಸು ರೊಟ್ಟಿಯನ್ನು ಕಾಫಿಯಲ್ಲಿ ಅದ್ದುತ್ತ ಅವರ ಜೊತೆ ನಕ್ಕೆ.

ಬಿಸಿಗೆ ಅಂಟು ಮೆತ್ತಗಾಗಿ ಬಿದಿರಿನ ಪದರವೂ ಫೈಬರ್ ಗ್ಲಾಸಿನ ಪದರವೂ ಒಂದನ್ನೊಂದು ಬಿಟ್ಟಿವೆ, ಇನ್ನು ಅದು ಸರಿಯಾಗುವುದಿಲ್ಲ ಎಂದರು. ಸರಿ, ಹೊಸದು ಕೊಡಿ, ಐವತ್ತೈದು ಎಂದೆ. ಆಗ ಅವರ ಪದ್ಧತಿ ನೆನಪಾಯಿತು. ನಿನಗೂ ನೆನಪಿರಬೇಕು, ನೀನೇ ಹೇಳಿದ್ದು. ಕೊಳ್ಳುವವನು ಎದುರಿಗೆ ನಿಂತು ಬಿಲ್ಲನ್ನು ಕೆನ್ನೆಯವರೆಗೆ ಎಳೆಯಬೇಕು. ಓನ್ನಿ ಮಾಮ ಐದು ಎಣಿಸುವ ತನಕ ನಡುಗದೆ ಹಿಡಿದಿರಬೇಕು. ಇಲ್ಲದಿದ್ದರೆ ಆ ತೋಳು ಕೊಡುವುದಿಲ್ಲ. ಅವನು ಹಡಗಿನಲ್ಲಿದ್ದಾನೆ ಎಂದೆ. ‘ಹಾಗಾದ್ರೆ ಹಡಗು ಬರಲಿ.’ ಬಿಲ್ಲು ಇಲ್ಲದಿದ್ದರೆ ಅವನೂ ಬರುವುದಿಲ್ಲ ಎಂದೆ. ಮಾಮ ಕೇಳಿಸದ ಕಿವಿ ಇದೇ ಎಂಬಂತೆ ಒಂದನ್ನು ನನ್ನ ಕಡೆ ತಿರುಗಿಸಿದರು. ಕೈಹಿಡಿದವರು ಲೆಂಪಿ ಅತ್ತೆ. ‘ಇವಳೇ ನಿಂತಿದಾಳಲ್ಲ ಎದುರಿಗೆ! ಇವರಮ್ಮ ಅಣ್ಣತಂಗಿ ಇಬ್ಬರಿಗೂ ಒಂದೇ ಅಳತೆ ಸ್ವೆಟರು ಹೆಣೀತಿದ್ಳು, ಮರೆತ್ರಾ?’

ನಿನ್ನ ಹಳೆಯ ಸ್ವೆಟರುಗಳನ್ನು ನಾನು ಕೈ ಮಡಿಸದೆ ಹಾಕಿಕೊಳ್ಳುತ್ತಿದ್ದೆ. ಹನ್ನೆರಡನೇ ವಯಸ್ಸಿಗೇ ನನ್ನ ಕೈಗಳು ನಿನ್ನವಷ್ಟೇ ಉದ್ದವಾಗಿದ್ದವು. ಹುಡುಗಿಗೆ ಇಷ್ಟುದ್ದ ಕೈ ಯಾಕೆ ಎಂದು ಅಮ್ಮ ಚಿಂತಿಸುತ್ತಿದ್ದಳು. ಅವು ಯಾಕೆಂದು ನಾನೂ ನಲವತ್ತು ವರ್ಷ ಯೋಚಿಸಿರಲಿಲ್ಲ. ನಿನ್ನೆ ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತೆ. ಮಾಮ ಬೆರಳ ತುದಿಯಿಂದ ಬೆರಳ ತುದಿಗೆ ಅಳೆದರು: ಅರವತ್ತೆಂಟು ಇಂಚು. ಎರಡೂವರೆಯಿಂದ ಭಾಗಿಸಿದರು: ಇಪ್ಪತ್ತೇಳು, ಮೇಲೊಂದು ಚೂರು. ಅಷ್ಟು ಉದ್ದಕ್ಕೆ ನಮ್ಮಿಬ್ಬರ ಕೈ ಬಿಲ್ಲನ್ನು ಎಳೆಯುತ್ತದೆ, ಅದಕ್ಕಿಂತ ಹೆಚ್ಚು ಆಗದು. ‘ಆದ್ರೆ ತೋಳಿನ ಮೇಲೆ ಬರೆಯೋ ತೂಕ ಇಪ್ಪತ್ತೆಂಟು ಇಂಚು ಎಳೆದಾಗಿನದು,’ ಎಂದರು ಮಾಮ. ‘ಒಂದಿಂಚು ಕಮ್ಮಿ ಆದ್ರೆ ಎರಡೂವರೆ ಪೌಂಡು ಕಮ್ಮಿ. ಅಂದ್ರೆ ನಿಮ್ಮಣ್ಣ ತನ್ನ ಜನ್ಮದಲ್ಲಿ ಐವತ್ತೈದು ಎಳೆದಿಲ್ಲ ತಾಯಿ. ಓದಿದಾನೆ, ಅಷ್ಟೆ.’

ಇದು ನನಗೆ ತಮಾಷೆ ಎನಿಸಿತು. ಮುಂದಿನದು ಹಾಗಿರಲಿಲ್ಲ. ಮಾಮ ರಟ್ಟಿನ ಕೊಳವೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ನೀನು ಪ್ರತಿ ಬಾಣದ ಗರಿಯ ಬಳಿ ಅದನ್ನು ಮಾಡಿದ ವರ್ಷ ಬರೆಯುತ್ತೀಯಲ್ಲ. ಅವರು ವರ್ಷದ ಪ್ರಕಾರ ಅವನ್ನು ಸಾಲಾಗಿ ಜೋಡಿಸಿ, ಹಿಂತುದಿಗಳನ್ನು ಒಂದು ಪಟ್ಟಿಗೆ ಒತ್ತಿ ಸಮ ಮಾಡಿದರು. 1979ರ ಎರಡು: ಇಪ್ಪತ್ತೆಂಟು ಇಂಚು, ಎಳೆತದ ಇಪ್ಪತ್ತೇಳರ ಮೇಲೆ ಅಲಗಿಗೆಂದು ಒಂದು. 1991ರ ಎರಡು: ಇಪ್ಪತ್ತೇಳು. ಹೋದ ವರ್ಷದ ಎರಡು: ಇಪ್ಪತ್ತಾರು. ಮುಂತುದಿಗಳು ಮೆಟ್ಟಿಲಿನ ಹಾಗೆ ಇಳಿದವು. ಮುರಿದ ಬಾಣದ ತುದಿ ಕತ್ತರಿಸಿ ಮತ್ತೆ ಬಳಸುತ್ತಾನೇನೋ ಎಂದೆ. ‘ಇದು ಹೊಸ ಸೀಡರ್,’ ಎಂದರು ಮಾಮ, ಈಗ ತಮಾಷೆಯ ದನಿ ಇರಲಿಲ್ಲ. ‘ಎಷ್ಟು ಎಳೆಯಕ್ಕಾಗುತ್ತೋ ಅಷ್ಟಕ್ಕೆ ಸರಿಯಾಗಿ ಕತ್ತರಿಸಿದಾನೆ. ಬಾಣ ಉದ್ದ ಉಳಿದು ಮುಂದೆ ಚಾಚಿಕೊಂಡ್ರೆ ಜೊತೆಯವರಿಗೆ ಗೊತ್ತಾಗುತ್ತಲ್ಲ. ಯಾವ ಭುಜ, ಬಲಗಡೆದಾ?’

ಬಲಗಡೆಯದು ಎಂದೆ. ಹಾಗೆ ಹೇಳುವಾಗ, ನನಗೆ ಅದು ಮೊದಲೇ ಗೊತ್ತಿತ್ತು ಎಂಬುದು ನನಗೇ ಕೇಳಿಸಿತು. ಮಾರ್ಚಿನಲ್ಲಿ ನೀನು ಕೋಟು ಹಾಕಿಕೊಳ್ಳುವಾಗ ಬಲಗೈಯನ್ನು ಎಡಗೈಯಿಂದ ಎತ್ತಿ ಮೊದಲು ಒಳಗೆ ಸೇರಿಸುತ್ತಿದ್ದೆ. ಕಾಫಿ ಡಬ್ಬಿಯನ್ನು ನಾನೇ ಕೆಳಗಿನ ಹಲಗೆಗೆ ತಂದಿಟ್ಟೆ. ನೀನು ಅದನ್ನು ಗಮನಿಸಿದೆ. ಹೋದ ಅಕ್ಟೋಬರಿನಲ್ಲಿ ಹತ್ತು ದಿನವೂ ಒಂದೂ ಜಿಂಕೆ ಬರಲಿಲ್ಲ ಎಂದು ನೀನು ಹೇಳಿದೆ. ನೀನು ಹಡಗಿಗೆ ಮರಳಿದ ಮೇಲೆ ನಾನು ಕ್ರ್ಯಾನ್‌ಬೆರ್ರಿ ಆರಿಸಲು ಜವುಗಿನ ಕಡೆ ಹೋಗಿದ್ದೆ. ನಿನ್ನ ಅಟ್ಟಣೆಯ ಕೆಳಗಿನ ಕೆಸರೆಲ್ಲ ಗೊರಸಿನ ಗುರುತು. ಹೋದ ವರ್ಷದ ಆ ಎರಡು ಬಾಣಗಳಿಗೆ ಮಣ್ಣು ತಾಗಿಲ್ಲ. ಅಷ್ಟು ಹತ್ತಿರ ಬಂದ ಜಿಂಕೆಯನ್ನು ನೋಡುತ್ತ ನೀನು ಬಿಲ್ಲನ್ನು ಎಲ್ಲಿಯವರೆಗೆ ಎಳೆದೆ, ಅಲ್ಲಿಂದ ಹೇಗೆ ವಾಪಸು ಬಿಟ್ಟೆ ಎಂದು ನಾನು ಆಗಾಗ ಊಹಿಸಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ಇಂಥದ್ದನ್ನು ಕೇಳುವುದಿಲ್ಲ. ಕೇಳದಿರುವುದನ್ನು ನಾವು ಮರ್ಯಾದೆ ಎಂದು ಕರೆಯುತ್ತೇವೆ.

ಆದರೂ ಒಂದು ಸಲ ಐವತ್ತೈದನ್ನು ಎಳೆದು ನೋಡುತ್ತೇನೆ ಎಂದೆ. ಮಾಮ ಬೇರೆ ಯಾರಿಗೋ ಮಾಡಿಟ್ಟಿದ್ದ ತೋಳುಗಳನ್ನು ನಿನ್ನ ಹಿಡಿಗೇ ಬಿಗಿದು, ಹೆದೆ ಏರಿಸಿ ಕೊಟ್ಟರು. ನನ್ನ ಕೈ ಕೋಟಿನ ಎರಡನೇ ಗುಂಡಿಯವರೆಗೆ ಬಂದು ಅಲ್ಲೇ ನಿಂತಿತು. ಯಾರೋ ಆ ಕಡೆಯಿಂದ ಹೆದೆಯನ್ನು ಹಿಡಿದುಕೊಂಡಂತೆ. ಮಾಮ ‘ಒಂದು’ ಕೂಡ ಹೇಳಲಿಲ್ಲ. ಬಿಲ್ಲನ್ನು ಕೆಳಗಿಳಿಸಿದಾಗ ನನಗೆ ನಾಚಿಕೆಗಿಂತ ಕುತೂಹಲ ಹೆಚ್ಚಾಗಿತ್ತು. ಇಷ್ಟು ತೆಳ್ಳಗಿನ ಪಟ್ಟಿ ಎಲ್ಲಿಂದ ಇಷ್ಟು ಹಟ ತರುತ್ತದೆ?

ಅಲ್ಲಿಂದ ಮುಂದೆ ನಾನು ಶಾಲೆಯ ಹುಡುಗಿಯಂತೆ ಪ್ರಶ್ನೆ ಕೇಳಿದೆ, ಅವರೂ ಉತ್ಸಾಹದಿಂದ ಹೇಳಿದರು. ಎರಡು ತೋಳು ಒಂದೇ ಅಲ್ಲವಂತೆ. ಕೆಳಗಿನದು ಕೂದಲೆಳೆಯಷ್ಟು ಗಡುಸು. ಯಾಕೆ ಎಂದೆ. ‘ಹಿಡಿಯೋ ಕೈ ನಡುವಿನಲ್ಲಿರುತ್ತೆ, ಬಾಣ ಅದರ ಮೇಲಿರುತ್ತೆ. ಎಳೆಯೋದು ನಡುವಿಂದಲ್ಲ, ಸ್ವಲ್ಪ ಮೇಲಿಂದ. ಹಾಗಾಗಿ ಕೆಳಗಿನವನು ಜಾಸ್ತಿ ತಡೀಬೇಕು. ನೋಡೋರಿಗೆ ಇಬ್ಬರೂ ಒಂದೇ ಥರ ಬಾಗಿದ ಹಾಗೆ ಕಾಣುತ್ತೆ.’ ಈ ಮಾತನ್ನು ನಾನು ದಾರಿಯುದ್ದಕ್ಕೂ ಯೋಚಿಸಿದೆ, ಬಿಲ್ಲಿನ ಬಗ್ಗೆ ಮಾತ್ರ ಅಲ್ಲ.

ಆಮೇಲೆ ಅವರು ಮೇಜಿನ ಮೇಲೆ ಮೂರು ಹಿಡಿಗಳನ್ನು ಇಟ್ಟರು. ಒಂದು ನಿನ್ನ ವಾಲ್‌ನಟ್ ಮರದ್ದೇ, ಹದಿನೈದು ಇಂಚಿನದು. ಇನ್ನೊಂದು ಹದಿನೇಳರದು, ಮೇಪಲ್. ಮೂರನೆಯದು ಚೆರ್ರಿ ಮರದ್ದು, ಹತ್ತೊಂಬತ್ತು ಇಂಚು, ನಿನ್ನದಕ್ಕಿಂತ ತೂಕ. ತೂತುಗಳ ಅಳತೆ ಎಲ್ಲದಕ್ಕೂ ಒಂದೇ. ಯಾವ ತೋಳು ಯಾವ ಹಿಡಿಗೆ ಬೇಕಾದರೂ ಕೂರುತ್ತದೆ. ಇಲ್ಲಿಯವರೆಗೆ ಬಿಲ್ಲಿನ ಬಲವೆಲ್ಲ ತೋಳಿನಲ್ಲಿದೆ, ಹಿಡಿ ಬರೀ ಮರದ ತುಂಡು ಎಂದುಕೊಂಡಿದ್ದೆ. ಮಾಮ ನಲವತ್ತೈದರ ಒಂದು ಜೊತೆ ತೆಗೆದು ಮೊದಲು ನಿನ್ನ ಹಿಡಿಗೆ ಜೋಡಿಸಿ, ತೊಲೆಗೆ ನೇತುಹಾಕಿದ ಸ್ಪ್ರಿಂಗ್ ತಕ್ಕಡಿಗೆ ಹೆದೆ ಸಿಕ್ಕಿಸಿ, ಇಪ್ಪತ್ತೇಳು ಇಂಚಿನವರೆಗೆ ಎಳೆದರು: ನಲವತ್ತೆರಡೂವರೆ. ಅವೇ ತೋಳುಗಳನ್ನು ಬಿಚ್ಚಿ ಚೆರ್ರಿ ಹಿಡಿಗೆ ಜೋಡಿಸಿ ಮತ್ತೆ ಎಳೆದರು: ಮೂವತ್ತೆಂಟೂವರೆ. ನಾನು ಮತ್ತೊಮ್ಮೆ ಮಾಡಿ ಎಂದೆ. ಮತ್ತೊಮ್ಮೆಯೂ ಅಷ್ಟೇ. ತೋಳು ಬದಲಾಗಿಲ್ಲ; ಬಿಲ್ಲು ಉದ್ದವಾದದ್ದರಿಂದ ಅಷ್ಟೇ ದೂರ ಎಳೆಯಲು ಅದು ಕಡಿಮೆ ಬಾಗಿದರೆ ಸಾಕು. ಜೊತೆಗೆ ಹಿಡಿಯ ತೂಕ ಕೈಯನ್ನು ಅಲುಗಾಡದಂತೆ ನಿಲ್ಲಿಸುತ್ತದೆ. ‘ಜಿಂಕೆ ಹದಿನೈದು ಹೆಜ್ಜೆ ದೂರದಲ್ಲಿರುತ್ತೆ, ಬಾಣದ ಅಲಗು ಹರಿತ ಇದ್ರೆ ಇಷ್ಟೇ ಸಾಕು,’ ಎಂದರು ಮಾಮ. ‘ಹಗುರದ್ದನ್ನ ಪೂರ್ತಿ ಎಳೆದವನ ಬಾಣ ಹೇಳಿದಲ್ಲಿಗೆ ಹೋಗುತ್ತೆ. ಭಾರದ್ದನ್ನ ಅರ್ಧ ಎಳೆದವನದು ಎಲ್ಲಿಗೆ ಹೋಗುತ್ತೋ ಅವನಿಗೂ ಗೊತ್ತಿರಲ್ಲ.’

ನಾನು ಆಗ ನಿಮ್ಮ ಬೇಟೆ ಕ್ಯಾಂಪಿನ ಗೂಟಗಳ ವಿಷಯ ಎತ್ತಿದೆ. ಮೊದಲ ಸಂಜೆ ನೀವೆಲ್ಲ ಬಿಲ್ಲುಗಳನ್ನು ತೂಕದ ಕ್ರಮದಲ್ಲಿ, ಭಾರದ್ದು ಮೊದಲು, ಗೂಟಕ್ಕೆ ಹಾಕುವುದು, ಒಲೆಯ ಪಕ್ಕದ ಮೊದಲ ಗೂಟ ನಿಮ್ಮ ಜೊತೆಯ ವೈನೋನದು, ಎರಡನೆಯದು ನಿನ್ನದು. ಬಾಗಿಲ ಬಳಿಯ ಕೊನೆಯ ಗೂಟದವನು ಹತ್ತು ದಿನವೂ ಕೆರೆಯಿಂದ ನೀರು ಹೊರಬೇಕು. ನಲವತ್ತೈದು ಎಂದು ಬರೆದ ತೋಳು ನೇರ ಕೊನೆಯ ಗೂಟಕ್ಕೆ ಹೋಗುತ್ತದೆ. ಅದಕ್ಕೇ ಅವನು ಹಡಗಿನಲ್ಲಿ ಉಳಿಯುವ ಮಾತಾಡುತ್ತಿದ್ದಾನೆ ಎಂದೆ. ಮಾಮ ಉಜ್ಜುವುದನ್ನು ನಿಲ್ಲಿಸಿದರು. ‘ಆ ಕ್ಯಾಂಪಿನವರೇ ಮೂವರು ಸದ್ದಿಲ್ಲದೆ ಬಂದು ಉದ್ದದ ಹಿಡಿ ಹಾಕಿಸ್ಕೊಂಡು ಹೋಗಿದಾರೆ. ತೋಳು ಅದೇ, ನಂಬರು ಅದೇ, ಎಳೆಯೋದು ಮಾತ್ರ ಹಗುರ. ಬಾಣ ಅದಕ್ಕೆ ತಕ್ಕಂತೆ ನಾನೇ ಆರಿಸಿ ಕೊಟ್ಟಿದೀನಿ. ಹೆಸರು ಹೇಳಲ್ಲ.’ ‘ಮೂವರಲ್ಲ, ನಾಲ್ವರು,’ ಎಂದರು ಅತ್ತೆ. ‘ಮೊನ್ನೆ ವೈನೋ...’ ‘ಲೆಂಪೀ! ಕಾಫಿ!’ ‘ಪಾತ್ರೆ ತುಂಬ ಇದೆ, ಮುದುಕಪ್ಪಾ, ಕಣ್ಣೂ ಹೋಯ್ತಾ?’

ಈಗ ನಗಬೇಡ, ಅಥವಾ ನಕ್ಕರೆ ಜೋರಾಗಿ ನಗು. ಒಲೆಯ ಪಕ್ಕದ ಆ ಗೋಡೆಯನ್ನು ನಾನು ಒಮ್ಮೆಯೂ ನೋಡಿಲ್ಲ. ಹೆಂಗಸರು ಅಲ್ಲಿಗೆ ಬರುವ ವಾಡಿಕೆಯಿಲ್ಲ. ಆದರೆ ನಿನ್ನೆಯಿಂದ ಅದು ನನಗೆ ಸ್ಪಷ್ಟವಾಗಿ ಕಾಣುತ್ತಿದೆ. ಅರವತ್ತರ ಆಸುಪಾಸಿನ ಏಳು ಗಂಡಸರು, ಪ್ರತಿಯೊಬ್ಬನೂ ಪಕ್ಕದವನ ಅಂಕಿಯನ್ನು ನಂಬಿಕೊಂಡು ತನ್ನ ಭುಜವನ್ನು ಬಚ್ಚಿಟ್ಟುಕೊಂಡಿದ್ದಾನೆ. ಕೊನೆಯ ಗೂಟದವನೊಬ್ಬನೇ ಬಚ್ಚಿಡಲು ಏನೂ ಇಲ್ಲದೆ ನೀರು ಹೊರುತ್ತಾನೆ.

ಐವತ್ತೈದರ ತೋಳನ್ನೇ ಉದ್ದದ ಹಿಡಿಗೆ ಹಾಕಿದರೆ ಎಂದು ಕೇಳಿದೆ. ನಿನ್ನ ಭುಜಕ್ಕೆ ಅದೂ ಹೆಚ್ಚೇ ಎಂದರು. ಕೊನೆಗೆ, ಕೇಳಬಾರದಿತ್ತು, ಕೇಳಿದೆ: ನಲವತ್ತೈದರ ಮೇಲೆ ಐವತ್ತೈದು ಎಂದು ಬರೆದುಕೊಡುತ್ತೀರಾ? ವಾರ್ನಿಷ್ ಬಳಿಯುವ ಮುಂಚೆ ಅವರು ಶಾಯಿಯಲ್ಲಿ ಬರೆಯುವುದು ತಾನೇ, ಒಂದು ಅಂಕಿ. ಮಾಮ ಸಿಟ್ಟಾಗಲಿಲ್ಲ. ‘ಮಗಳೇ, ಆ ನಂಬರು ನೋಡ್ಕೊಂಡೇ ಬಾಣದ ಕಡ್ಡಿ ಎಷ್ಟು ಗಡುಸು ಇರಬೇಕು ಅಂತ ಆರಿಸ್ತಾರೆ. ನಂಬರು ಸುಳ್ಳಾದ್ರೆ ಬಾಣ ಪಕ್ಕಕ್ಕೆ ಹೋಗುತ್ತೆ. ಜಿಂಕೆ ಹೊಟ್ಟೆಗೆ ತಗೊಂಡು ಜವುಗಿನಲ್ಲಿ ಎರಡು ದಿನ ಬಿದ್ದು ಸಾಯುತ್ತೆ. ಆ ಸುಳ್ಳು ನನ್ನ ಕೈಬರಹದಲ್ಲಿರುತ್ತೆ.’ ಮಾಮ ಮತ್ತೆ ಉಪ್ಪುಕಾಗದ ಕೈಗೆತ್ತಿಕೊಂಡರು.

ಆರಿಸಿ ತಂದಿದ್ದೇನೆ. ಈಗ ಅಡುಗೆಮನೆಯ ಮೇಜಿನ ಮೇಲೆ, ದಿಂಬಿನ ಚೀಲದ ಮೇಲೆ, ಮೂರು ತುಂಡುಗಳಾಗಿ ಮಲಗಿದೆ. ಯಾವುದು ಎಂಬುದನ್ನು ಬರೆಯಲು ಎರಡು ಸಲ ಪೆನ್ನು ಎತ್ತಿ ಬೇರೆಯದನ್ನು ಬರೆದೆ. ಕಾಗದ ಇಷ್ಟುದ್ದವಾದದ್ದು ಅದಕ್ಕೇ. ಓನ್ನಿ ಮಾಮ, ಲೆಂಪಿ ಅತ್ತೆ ನಿನ್ನನ್ನು ಕೇಳಿದೆವೆಂದು ತಿಳಿಸಲು ಹೇಳಿದ್ದಾರೆ. ಹಡಗಿನ ಏಣಿ ಹತ್ತುವಾಗ ಎಡಗೈಯನ್ನು ಮೇಲಿಡು. ದಪ್ಪ ಕಾಲುಚೀಲ ಎರಡು ಜೊತೆ ಬೇರೆ ಪೊಟ್ಟಣದಲ್ಲಿ ಕಳಿಸುತ್ತಿದ್ದೇನೆ. ಸರೋವರ ನಿನ್ನನ್ನು ಮೆತ್ತಗೆ ನಡೆಸಿಕೊಳ್ಳಲಿ.

ನಿನ್ನ ಉದ್ದ ಕೈಯ ತಂಗಿ,
ಸಿಲ್ವಿ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆ ಕಚೇರಿಯ ಕಟ್ಟೆಗೆ ಒರಗಿ ಬರೆಯುತ್ತಿದ್ದೇನೆ, ಟಪಾಲು ಗಾಡಿ ಬಂದು ನಿಂತಿದೆ. ನಲವತ್ತೈದರ ತೋಳು, ಚೆರ್ರಿ ಮರದ ಉದ್ದ ಹಿಡಿ. ಓನ್ನಿ ಮಾಮ ಐದರವರೆಗೂ ಎಣಿಸಿದರು, ನಾನು ಹಿಡಿದಿದ್ದೆ. ಮೊದಲ ಸಲ ಮೂರಕ್ಕೇ ಬಿಟ್ಟೆ, ಎರಡನೇ ಸಲ ಐದು. ಇನ್ನೊಂದು ಮಾತು. ಬಿಲ್ಲನ್ನು ನೀನು ಸೌನಾ ಕೋಣೆಯಲ್ಲಿ ಮರೆಯಲಿಲ್ಲ. ಅಡುಗೆಮನೆ ಬಾಗಿಲ ಹಿಂದೆ ಸರಿಯಾಗಿಯೇ ಇಟ್ಟು ಹೋಗಿದ್ದೆ. ನೀನು ಹೋದ ವಾರವೇ ಅದನ್ನು ಅಲ್ಲಿಗೆ ಒಯ್ದು ಹೊಗೆಕೊಳವೆಯ ಪಕ್ಕದ ಮೊಳೆಗೆ ತೂಗುಹಾಕಿದವಳು ನಾನು. ಹದಿನಾರು ಶನಿವಾರ ಅದರ ಎದುರಿಗೆ ನಿಂತು ಬಟ್ಟೆ ಕಳಚಿದೆ. ಅಪ್ಪನ ಪಿಟೀಲು ಅದೇ ಗೋಡೆಯ ಮೇಲೆ ಅಂಟು ಬಿಟ್ಟು ಬಿರಿದದ್ದು ನನಗೆ ನೆನಪಿರಲಿಲ್ಲ ಎಂದು ಹೇಳಲಾರೆ. ಆ ಭುಜ ಐವತ್ತೈದನ್ನು ಮತ್ತೆ ಎಳೆಯುವುದು ನನಗೆ ಬೇಡವಾಗಿತ್ತು. ಬೈಯುವುದಿದ್ದರೆ ಬಂದು ಬೈ. ಬಾರದಿದ್ದರೆ ಒಂದನೇ ತಾರೀಕು ಬಿಲ್ಲನ್ನು ಕೊನೆಯ ಗೂಟಕ್ಕೆ ನಾನೇ ಹಾಕುತ್ತೇನೆ, ನೀರೂ ನಾನೇ ಹೊರುತ್ತೇನೆ.